ನೇಪಲ್ಸ್ ಬಂದರಿನಲ್ಲಿ ಒಂದು ಹಗಲು: ಅತ್ತೆಗೆ ಮೊಣಕಾಲು ನೋವು, ಮಾವನಿಗೆ ಪೊಂಪೆಯಿ ಹಂಬಲ, ಸಂಜೆ ಐದೂವರೆಗೆ ಗಡುವು

ಕಾವೇರಿತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬರುವ ಅಕ್ಟೋಬರ್‌ನಲ್ಲಿ ನಾನು, ನಮ್ಮ ಯಜಮಾನರು, ಅತ್ತೆ ಮತ್ತು ಮಾವ ರೋಮ್ ನಗರಕ್ಕೆ ಹತ್ತಿರದ ಚಿವಿತಾವೆಕ್ಕಿಯಾ ಬಂದರಿನಲ್ಲಿ ಹಡಗು ಹತ್ತುವವರಿದ್ದೇವೆ. ಮಾರನೆಯ ಬೆಳಗ್ಗೆ ಏಳು ಗಂಟೆಗೆ ಹಡಗು ನೇಪಲ್ಸ್ ಸೇರಿ ಸಂಜೆ ಆರಕ್ಕೆ ಹೊರಡುತ್ತದೆ. ಐದೂವರೆಯೊಳಗೆ ಪ್ರಯಾಣಿಕರೆಲ್ಲರೂ ಹಡಗಿನೊಳಗೆ ಇರಬೇಕೆಂದು ಕಾಗದಪತ್ರದಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿದ್ದಾರೆ. ಅಲ್ಲಿಂದ ಮುಂದೆ ಸಿಸಿಲಿ ದ್ವೀಪದ ಮೆಸಿನಾ, ಆಮೇಲೆ ಮಾಲ್ಟಾ.

ಮಾವ ಮೈಸೂರಿನಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಇತಿಹಾಸ ಕಲಿಸಿ ನಿವೃತ್ತರಾದವರು. ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ರೋಮನ್ನರ ಕಾಲದ ಊರು ಪೊಂಪೆಯಿಯ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದು ಬರೆದು ಪಾಠ ಮಾಡಿದ್ದಾರಂತೆ, ಕಣ್ಣಾರೆ ನೋಡಬೇಕೆಂಬ ಆಸೆ ಈಗಲೂ ಹಾಗೆಯೇ ಇದೆ. ಅತ್ತೆಗೆ ಎರಡೂ ಮೊಣಕಾಲು ನೋವು. ಸಮತಟ್ಟಾದ ನೆಲದಲ್ಲಿ ಅರ್ಧ ಗಂಟೆ ನಡೆಯಬಲ್ಲರು, ಮೆಟ್ಟಿಲು ಕಂಡರೆ ಹಿಂದೆ ಸರಿಯುತ್ತಾರೆ. ಮಾಂಸ ಮೀನು ಇರಲಿ, ಮೊಟ್ಟೆ ಬೆರೆತ ಬಿಸ್ಕತ್ತನ್ನೂ ಮುಟ್ಟುವವರಲ್ಲ. ಯಜಮಾನರು ಮಾತ್ರ ಕಾಪ್ರಿ ದ್ವೀಪ ನೋಡಲೇಬೇಕೆಂದು ಪಟ್ಟು ಹಿಡಿದಿದ್ದಾರೆ. ಹಡಗಿನವರೇ ನಡೆಸುವ ಪ್ರವಾಸಗಳೂ ಇವೆ, ಆದರೆ ತಲೆಗೆ ಇಷ್ಟೆಂದು ಹಾಕಿರುವ ದರವನ್ನು ನಾಲ್ಕರಿಂದ ಗುಣಿಸಿದರೆ ಎದೆ ಧಸಕ್ಕೆನ್ನುತ್ತದೆ. ನಾವೇ ಸ್ವಂತವಾಗಿ ಹೋಗಿಬರುವುದು ವಿವೇಕವೇ? ಹೋದರೆ ಎಲ್ಲಿಗೆ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಹಡಗುಪ್ರಿಯ

ಕಾವೇರಿತೀರ ಅವರೇ, ಸ್ಥಳ ಯಾವುದೆಂದು ನಿರ್ಧರಿಸುವ ಮೊದಲು ಗಡಿಯಾರವನ್ನು ಹಿಂದುಮುಂದಾಗಿ ಓದಿಕೊಳ್ಳಿ. ಏಳು ಗಂಟೆಗೆ ಹಡಗು ದಡಕ್ಕೆ ಬಂದರೂ ಬಂದರಿನ ಅಧಿಕಾರಿಗಳ ಅನುಮತಿ ಸಿಕ್ಕಿ ಪ್ರಯಾಣಿಕರು ಇಳಿಯುವಷ್ಟರಲ್ಲಿ ಏಳೂಮುಕ್ಕಾಲು, ಎಂಟು ಆಗಿರುತ್ತದೆ. ಐದೂವರೆಯ ಗಡುವಿನಿಂದ ಎರಡು ಗಂಟೆಯನ್ನು ಆಪತ್ಕಾಲಕ್ಕೆಂದು ಮೊದಲೇ ಕಳೆದುಬಿಡಿ. ನಿಮ್ಮ ಕೈಯಲ್ಲಿ ಉಳಿಯುವುದು ಎಂಟರಿಂದ ಮೂರೂವರೆಯವರೆಗಿನ ಹೊತ್ತು, ಅಷ್ಟೇ. ಅದರೊಳಗೆ ಹೋಗುವ ಬರುವ ದಾರಿ, ಊಟ, ಶೌಚಾಲಯದ ಸರದಿ ಎಲ್ಲವೂ ಸೇರಬೇಕು. ಹೀಗೆ ಲೆಕ್ಕ ಹಾಕಿದವರಿಗೆ ಒಂದೇ ದಿನದಲ್ಲಿ ಪೊಂಪೆಯಿಯನ್ನೂ ಅದರಾಚೆಯ ಕಡಲತೀರದ ಊರಾದ ಸೊರೆಂಟೊವನ್ನೂ ಕಾಪ್ರಿಯನ್ನೂ ಮುಗಿಸುವ ಆಲೋಚನೆ ತಾನಾಗಿಯೇ ಬಿಟ್ಟುಹೋಗುತ್ತದೆ.

ಕಾಪ್ರಿಯ ವಿಷಯದಲ್ಲಿ ನಿಮ್ಮ ಯಜಮಾನರು ಬೇಸರಿಸಬಾರದು. ಬೆವೆರೆಲ್ಲೊ ಕಟ್ಟೆಯಿಂದ ಹೊರಡುವ ವೇಗದ ದೋಣಿ ಐವತ್ತು ನಿಮಿಷದ ಆಸುಪಾಸಿನಲ್ಲಿ ದ್ವೀಪ ಮುಟ್ಟಿಸುತ್ತದೆ, ಆ ಕಟ್ಟೆಯೂ ನಿಮ್ಮ ಹಡಗು ನಿಲ್ಲುವ ಜಾಗದ ಮಗ್ಗುಲಲ್ಲೇ ಇದೆ, ಇವೆಲ್ಲ ನಿಜ. ತೊಂದರೆ ಇರುವುದು ಸಮುದ್ರದ ಮೇಲೆ. ಅಕ್ಟೋಬರ್‌ನಲ್ಲಿ ಮಧ್ಯಾಹ್ನ ಗಾಳಿ ಎದ್ದರೆ ವೇಗದ ದೋಣಿಗಳ ಓಡಾಟ ರದ್ದಾಗುವುದುಂಟು. ಅಲೆ ಸ್ವಲ್ಪ ಜಾಸ್ತಿಯಾದರೂ ಕಾಪ್ರಿಯ ಹೆಸರಾಂತ ನೀಲಿ ಗುಹೆಯ ಬಾಯಿ ಮುಚ್ಚಿಹೋಗಿ ಒಳಗೆ ಬಿಡುವುದಿಲ್ಲ. ರಸ್ತೆ ಕಟ್ಟಿಕೊಂಡರೆ ಇನ್ನೊಂದು ರಸ್ತೆ ಹಿಡಿಯಬಹುದು, ದ್ವೀಪದಲ್ಲಿ ಸಿಕ್ಕಿಕೊಂಡವರಿಗೆ ಇನ್ನೊಂದು ದಾರಿ ಇಲ್ಲ. ಹಡಗಿನ ಪ್ರಯಾಣಿಕರು ಕಾಪ್ರಿಗೆ ಹೋಗಲೇಬೇಕೆಂದಿದ್ದರೆ ಹಡಗಿನವರ ಪ್ರವಾಸದಲ್ಲಿಯೇ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಏಕೆಂದರೆ ಹಡಗಿನವರಿಗೆ ಕೊಡುವ ಹೆಚ್ಚಿನ ಹಣದಿಂದ ನೀವು ನಿಜವಾಗಿ ಕೊಳ್ಳುತ್ತಿರುವುದು ಬಸ್ಸನ್ನೂ ಅಲ್ಲ, ಮಾರ್ಗದರ್ಶಿಯನ್ನೂ ಅಲ್ಲ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಅಥವಾ ಮುಂದಿನ ಬಂದರಿಗೆ ನಿಮ್ಮನ್ನು ತಮ್ಮ ಖರ್ಚಿನಲ್ಲಿ ತಲುಪಿಸುತ್ತಾರೆ. ಸ್ವಂತವಾಗಿ ಹೋದವರು ಐದು ನಿಮಿಷ ತಡವಾದರೂ ಕಟ್ಟೆಯ ಮೇಲೆ ನಿಂತು ಕೈಬೀಸಬೇಕಾಗುತ್ತದೆ. ಹಾಗೆಂದು ಹೆದರುವ ಅಗತ್ಯವೂ ಇಲ್ಲ. ಪೊಂಪೆಯಿ ಬಂದರಿನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿದೆ. ಬೆಳಗ್ಗೆ ಹೋಗಿ ಮಧ್ಯಾಹ್ನವೇ ಊರಿಗೆ ಹಿಂತಿರುಗುವವರಿಗೆ ಅಪಾಯ ಬಹಳ ಕಡಿಮೆ.

ಕೆಟ್ಟದ್ದಕ್ಕೂ ಸಿದ್ಧರಾಗಿರಿ. ಹಿಂದಿನ ರಾತ್ರಿ ಕೋಣೆಗೆ ಬರುವ ಹಡಗಿನ ದಿನಪತ್ರಿಕೆಯಲ್ಲಿ ಬಂದರಿನ ಏಜೆಂಟರ ದೂರವಾಣಿ ಸಂಖ್ಯೆ ಇರುತ್ತದೆ, ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಪಾಸ್‌ಪೋರ್ಟುಗಳನ್ನು ಹಡಗಿನವರು ತಮ್ಮಲ್ಲೇ ಇಟ್ಟುಕೊಂಡಿದ್ದರೆ ಅದರ ಮತ್ತು ವೀಸಾ ಪುಟದ ಪ್ರತಿಗಳು ಕೈಯಲ್ಲಿರಲಿ. ಒಂದು ವೇಳೆ ಹಡಗು ತಪ್ಪಿಯೇಹೋದರೆ ಮೆಸಿನಾ ನಿಮ್ಮ ಅದೃಷ್ಟ: ನೇಪಲ್ಸ್‌ನಿಂದ ಸಿಸಿಲಿಗೆ ಹೋಗುವ ಇಂಟರ್‌ಸಿಟಿ ರೈಲು ವಿಲ್ಲಾ ಸಾನ್ ಜೊವಾನ್ನಿಯಲ್ಲಿ ಬೋಗಿಗಳ ಸಮೇತ ದೋಣಿಯೊಳಗೆ ನುಗ್ಗಿ, ಜಲಸಂಧಿ ದಾಟಿ, ಮೆಸಿನಾದ ಹಳಿಗಳ ಮೇಲೆ ಇಳಿಯುತ್ತದೆ. ಮಾವನವರಿಗೆ ಇದನ್ನು ಮಾತ್ರ ಮೊದಲೇ ಹೇಳಬೇಡಿ, ಬೇಕೆಂದೇ ಹಡಗು ತಪ್ಪಿಸಿಕೊಂಡಾರು.

ನಾಪೊಲಿವಾಸಿ

ನಾನು ಇದೇ ಊರಿನಲ್ಲಿ ಕೆಲಸದ ಮೇಲೆ ಇರುವವನು, ಮೂಲತಃ ಹಾಸನದ ಕಡೆಯವನು. ನೆಲದ ಮೇಲಿನ ಸಂಗತಿಗಳನ್ನಷ್ಟು ಹೇಳುತ್ತೇನೆ.

ಹಡಗು ನಿಲ್ಲುವುದು ಊರಿನ ನಟ್ಟನಡುವೆ. ಸ್ಟಾತ್ಸಿಯೋನೆ ಮಾರಿತ್ತಿಮಾ ಎಂಬ ಹಡಗು ನಿಲ್ದಾಣದ ಕಟ್ಟಡದಿಂದ ಹೊರಬಂದರೆ ಎದುರಿಗೇ ಐದು ಬುರುಜುಗಳ ಕಾಸ್ತೆಲ್ ನುವೊವೊ ಕೋಟೆ ಕಾಣುತ್ತದೆ. ಅದರ ಪಕ್ಕದ ಚೌಕದಲ್ಲೇ ಮುನಿಚಿಪಿಯೊ ಎಂಬ ಮೆಟ್ರೋ ನಿಲ್ದಾಣವಿದೆ. ಒಂದನೆಯ ಮಾರ್ಗದಲ್ಲಿ ಉನಿವೆರ್ಸಿತಾ, ದ್ವೋಮೊ ದಾಟಿದರೆ ಮೂರನೆಯದೇ ಗಾರಿಬಾಲ್ದಿ. ಅಲ್ಲಿನ ಮುಖ್ಯ ರೈಲು ನಿಲ್ದಾಣದ ಕೆಳ ಅಂತಸ್ತಿನಲ್ಲಿ ಚಿರ್ಕುಮ್‌ವೆಸುವಿಯಾನಾ ಎಂಬ ಸ್ಥಳೀಯ ರೈಲು ಸಿಗುತ್ತದೆ. ಸೊರೆಂಟೊ ಕಡೆಗೆ ಹೋಗುವ ಆ ರೈಲು ಅಗ್ಗ, ಪೊಂಪೆಯಿಗೆ ನಲವತ್ತು ನಿಮಿಷದೊಳಗೆ ಮುಟ್ಟಿಸುತ್ತದೆ. ಹೊರಡುವ ಮೂಲ ನಿಲ್ದಾಣ ಗಾರಿಬಾಲ್ದಿ ಅಲ್ಲ, ಅದಕ್ಕೆ ಒಂದು ನಿಲ್ದಾಣ ಹಿಂದಿರುವ ಪೋರ್ತಾ ನೊಲಾನಾ. ಕೂರಲು ಜಾಗ ಬೇಕಾದವರು ಅಲ್ಲಿಗೇ ಹೋಗಿ ಹತ್ತುತ್ತಾರೆ. ಇಳಿಯಬೇಕಾದದ್ದು "ಪೊಂಪೆಯಿ ಸ್ಕಾವಿ, ವಿಲ್ಲಾ ದೇಯಿ ಮಿಸ್ತೇರಿ" ಎಂದು ಫಲಕವಿರುವಲ್ಲಿ. ಪೊಂಪೆಯಿ ಎಂಬ ಹೆಸರು ಹೊತ್ತ ಬೇರೆ ನಿಲ್ದಾಣಗಳೂ ಇವೆ, ಅವು ಈಗಿನ ಊರಿನ ನಿಲ್ದಾಣಗಳು.

ಇಷ್ಟೆಲ್ಲ ಹೇಳಿದ ಮೇಲೆ, ನಿಮ್ಮ ಅತ್ತೆಯವರನ್ನು ಈ ರೈಲಿನಲ್ಲಿ ಕರೆದೊಯ್ಯಬೇಡಿ ಎಂದೇ ಹೇಳಬೇಕಾಗಿದೆ. ಬೆಳಗಿನ ಗಾಡಿಗಳು ಕಿಕ್ಕಿರಿದಿರುತ್ತವೆ, ಹತ್ತಿಳಿಯುವಾಗ ಮೆಟ್ಟಿಲುಗಳಿವೆ, ಜೇಬುಗಳ್ಳರ ಕಾಟವೂ ಉಂಟು. ಮುಷ್ಕರವೊಂದು ಬೇರೆ. ಇಲ್ಲಿ ಅದನ್ನು ಶೋಪೆರೊ ಎನ್ನುತ್ತಾರೆ, ಮೊದಲೇ ಘೋಷಿಸಿಯೇ ಮಾಡುತ್ತಾರೆ, ಬೆಳಗಿನ ಮತ್ತು ಸಂಜೆಯ ಗೊತ್ತಾದ ಕೆಲವು ಗಂಟೆಗಳಲ್ಲಿ ಮಾತ್ರ ಗಾಡಿ ಓಡುವ ಖಾತರಿ ಇರುತ್ತದೆ. ಮಧ್ಯಾಹ್ನ ಹಿಂತಿರುಗುವ ಹಡಗಿನ ಪ್ರಯಾಣಿಕರಿಗೆ ಬೇಕಾದದ್ದು ಸರಿಯಾಗಿ ಖಾತರಿ ಇಲ್ಲದ ಹೊತ್ತೇ.

ನನ್ನನ್ನು ಕೇಳಿದರೆ ನೀವು ಪೊಂಪೆಯಿಯನ್ನೇ ಬಿಟ್ಟು ಎರ್ಕೊಲಾನೊ ನೋಡಬೇಕು, ಎಂದರೆ ಅದೇ ಸ್ಫೋಟದಲ್ಲಿ ಹೂತುಹೋದ ಹಳೆಯ ಹರ್ಕ್ಯುಲೇನಿಯಂ. ಪೊಂಪೆಯಿ ಕೋಟೆಗೋಡೆಯೊಳಗೆ 66 ಹೆಕ್ಟೇರ್ ಹರಡಿದ ಊರು, ಸುಮಾರು ಮೂರನೇ ಎರಡು ಭಾಗವನ್ನು ಅಗೆದಿದ್ದಾರೆ, ಅದನ್ನು ನಡೆದು ಮುಗಿಸಲು ಒಂದು ದಿನ ಸಾಲದು. ಎರ್ಕೊಲಾನೊದಲ್ಲಿ ಬಯಲಾಗಿರುವುದು ನಾಲ್ಕೈದು ಹೆಕ್ಟೇರ್, ಎರಡು ಗಂಟೆಯಲ್ಲಿ ತೃಪ್ತಿಯಾಗಿ ನೋಡಬಹುದು. ಅದಕ್ಕಿಂತ ಮುಖ್ಯ, ಪೊಂಪೆಯಿಯ ಮೇಲೆ ಬಿದ್ದದ್ದು ಬಹುಪಾಲು ಹಗುರವಾದ ಪ್ಯೂಮಿಸ್ ಕಲ್ಲು ಮತ್ತು ಬೂದಿ, ಆ ಭಾರಕ್ಕೆ ಮಾಡುಗಳು ಕುಸಿದವು. ಎರ್ಕೊಲಾನೊವನ್ನು ಸುಡುವ ಅನಿಲ ಮತ್ತು ಬೂದಿಯ ಪ್ರವಾಹ ಇಪ್ಪತ್ತು ಮೀಟರ್ ಆಳಕ್ಕೆ ಹೂತುಹಾಕಿದ್ದರಿಂದ ಮರ ಕೂಡ ಉರಿದು ಬೂದಿಯಾಗದೆ ಇದ್ದಿಲಾಗಿ ಉಳಿದುಕೊಂಡಿದೆ. ತೊಲೆ, ಬಾಗಿಲು, ಮಂಚ, ಮರದ ಜಾರುತೆರೆ ಎಲ್ಲವನ್ನೂ ಕಾಣಬಹುದು, ಮಹಡಿ ಮನೆಗಳು ಮಹಡಿಯೊಂದಿಗೇ ನಿಂತಿವೆ. ದೋಣಿಮನೆಗಳ ಕಮಾನುಗಳ ಕೆಳಗೆ ಆಶ್ರಯ ಪಡೆದು ಸತ್ತ ಸುಮಾರು ಮುನ್ನೂರು ಜನರ ಅಸ್ಥಿಪಂಜರಗಳಿದ್ದ ಹಳೆಯ ಸಮುದ್ರತೀರವನ್ನೂ 2024ರ ಜೂನ್‌ನಿಂದ ಜನರಿಗೆ ತೆರೆದಿದ್ದಾರೆ.

ಶಾಸನಪ್ರೇಮಿ

ನಾಪೊಲಿವಾಸಿಗಳ ಮಾತು ಅನುಭವದ ಮಾತು, ಒಪ್ಪುತ್ತೇನೆ. ಆದರೆ ಜೀವಮಾನವಿಡೀ ಪೊಂಪೆಯಿಯ ಪಾಠ ಹೇಳಿದ ಮೇಷ್ಟ್ರನ್ನು ಅದರಿಂದ ಅರ್ಧ ಗಂಟೆಯ ದಾರಿಯಲ್ಲಿ ನಿಲ್ಲಿಸಿ "ಪಕ್ಕದ ಊರು ಇನ್ನೂ ಚೆನ್ನಾಗಿದೆ, ಅದನ್ನು ನೋಡಿ" ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಅವರು ನೋಡಬೇಕಾದದ್ದು ಚೆನ್ನಾಗಿ ಉಳಿದ ಊರನ್ನಲ್ಲ, ತಾವು ಹೇಳಿಕೊಟ್ಟ ಊರನ್ನು.

ಮಾವನವರಿಗೆ ಆಸಕ್ತಿ ಹುಟ್ಟಿಸುವ ಇನ್ನೊಂದು ವಿಷಯವನ್ನು ಯಾರೂ ಪ್ರಸ್ತಾಪಿಸಲಿಲ್ಲ. 1938ರಲ್ಲಿ ಪುರಾತತ್ತ್ವಜ್ಞ ಅಮೆದಿಯೊ ಮಾಯುರಿ ಅವರ ಉತ್ಖನನದಲ್ಲಿ ಪೊಂಪೆಯಿಯ ಮನೆಯೊಂದರಿಂದ ಭಾರತದ ದಂತದ ಹೆಣ್ಣುಮೂರ್ತಿಯೊಂದು ಸಿಕ್ಕಿತು. ಎತ್ತರ ಒಂದು ಗೇಣಿಗಿಂತ ತುಸು ಹೆಚ್ಚು; ಮೈತುಂಬ ಒಡವೆ, ಇಕ್ಕೆಲದಲ್ಲಿ ಪುಟ್ಟ ಸೇವಕಿಯರು. ಮೊದಲು ಲಕ್ಷ್ಮಿ ಎಂದು ಗುರುತಿಸಿದರು, ಈಗ ಯಕ್ಷಿ ಇರಬೇಕೆಂದು ಹೇಳುವ ವಿದ್ವಾಂಸರೇ ಹೆಚ್ಚು. ವೆಸೂವಿಯಸ್ ಸಿಡಿದ ಕ್ರಿ.ಶ. 79ಕ್ಕೆ ಮುಂಚೆಯೇ ಅದು ಸಾಗರ ದಾಟಿ ಅಲ್ಲಿ ಸೇರಿತ್ತು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಆ ಕಾಲದ ವ್ಯಾಪಾರದ ಇನ್ನೊಂದು ತುದಿ ನಮ್ಮಲ್ಲೇ ಇದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ದೊರೆತಿರುವುದು ಮೇಷ್ಟ್ರಿಗೆ ಗೊತ್ತೇ ಇರುತ್ತದೆ. ಆ ದಂತದ ಮೂರ್ತಿ ಈಗ ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ತ್ವ ಸಂಗ್ರಹಾಲಯದಲ್ಲಿದೆ. ಬೆಳಗ್ಗೆ ಪೊಂಪೆಯಿ, ಮಧ್ಯಾಹ್ನ ಸಂಗ್ರಹಾಲಯ ಎಂದು ಇಟ್ಟುಕೊಳ್ಳಿ.

ನಾಪೊಲಿವಾಸಿ

ಹಡಗು ಬರುವುದು ವಾರದ ಯಾವ ದಿನ? ಆ ಸಂಗ್ರಹಾಲಯಕ್ಕೆ ಮಂಗಳವಾರ ರಜೆ.

ಕಾವೇರಿತೀರ

ಮಂಗಳವಾರವೇ. ಮಾವನಿಗೆ ಮೂರ್ತಿಯ ಸಂಗತಿಯನ್ನು ಆಗಲೇ ಓದಿ ಹೇಳಿಬಿಟ್ಟಿದ್ದೆ, ಈಗ ರಜೆಯ ಸಂಗತಿಯನ್ನೂ ಹೇಳಿದೆ. "ಸಂಗ್ರಹಾಲಯದ ಗಾಜಿನೊಳಗೆ ನೋಡದಿದ್ದರೆ ಬೇಡ, ಅದು ಸಿಕ್ಕಿದ ಮನೆ ಯಾವುದೆಂದು ಕೇಳಮ್ಮ" ಎಂದರು. ಎರ್ಕೊಲಾನೊದ ವಿವರವನ್ನೂ ಓದಿದೆ. ಬಹಳ ಚೆನ್ನಾಗಿ ಬರೆದಿದ್ದಾರೆ ಎಂದು ಹೊಗಳಿ, ಪೊಂಪೆಯಿಯ ನಕ್ಷೆಯನ್ನೇ ಮತ್ತೆ ತೆರೆದು ಕೂತರು. ಆದ್ದರಿಂದ ಪೊಂಪೆಯಿ ನಿಶ್ಚಯವಾಯಿತು. ಉಳಿದಿರುವುದು ಅತ್ತೆಯ ಮೊಣಕಾಲು.

ಶಾಸನಪ್ರೇಮಿ

ಆ ಮನೆ ಊರಿನ ಮುಖ್ಯ ಬೀದಿಯಾದ ವಿಯಾ ದೆಲ್ಲ ಅಬ್ಬೊಂದಾಂಜಾದ ಮೇಲೇ ಇದೆ. ವೆತೂತಿಯಸ್ ಪ್ಲಾಸಿಡಸ್ ಎಂಬವನ ಬಿಸಿಯೂಟದ ಅಂಗಡಿ ಎಲ್ಲ ಪುಸ್ತಕಗಳಲ್ಲೂ ಚಿತ್ರಸಹಿತ ಬರುತ್ತದೆ, ಕಲ್ಲಿನ ಕಟ್ಟೆಯಲ್ಲಿ ಗುಂಡಗಿನ ಕುಳಿಗಳಿರುವ ಅಂಗಡಿ. ಅದೇ ಸಾಲಿನಲ್ಲಿ ಕೆಲವೇ ಬಾಗಿಲುಗಳ ಆಚೆಗೆ ಮೂರ್ತಿ ಸಿಕ್ಕ ಮನೆ. ಒಳಗೆ ಬಿಡದಿದ್ದರೂ ಬಾಗಿಲ ಮುಂದೆ ನಿಲ್ಲಲು ಯಾರ ಅಪ್ಪಣೆಯೂ ಬೇಡ.

ಊರುಗೋಲು

ವಯಸ್ಸಾದವರ ನೋವಿಗೆ ವ್ಯಾಯಾಮ ಚಿಕಿತ್ಸೆ ಕೊಡುವುದು ನನ್ನ ವೃತ್ತಿ, ನಮ್ಮ ತಾಯಿಯವರನ್ನು ಇದೇ ಜಾಗಕ್ಕೆ ಕರೆದುಕೊಂಡು ಹೋಗಿದ್ದೆ. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಪೊಂಪೆಯಿಗೆ ಒಂದಕ್ಕಿಂತ ಹೆಚ್ಚು ಪ್ರವೇಶದ್ವಾರಗಳಿವೆ. ರೈಲಿನಿಂದ ಇಳಿದವರೆಲ್ಲರೂ ನುಗ್ಗುವುದು ಪೋರ್ತಾ ಮರೀನಾ ಎಂಬ ಪಶ್ಚಿಮದ ಬಾಗಿಲಿಗೆ. ಅಲ್ಲಿ ನುಣುಪಾಗಿ ಸವೆದ ಕಲ್ಲುಹಾಸಿನ ಏರು ಇದೆ, ಮೊಣಕಾಲು ನೋವಿನವರಿಗೆ ದಿನದ ಮೊದಲ ಪೆಟ್ಟು ಅಲ್ಲೇ ಬೀಳುತ್ತದೆ. ನೀವು ಹೋಗಬೇಕಾದದ್ದು ಊರಿನ ಇನ್ನೊಂದು ತುದಿಯ ಪಿಯಾತ್ಸಾ ಅನ್ಫಿತೆಯಾತ್ರೊ ಬಾಗಿಲಿಗೆ. ಗಾಲಿಕುರ್ಚಿಯವರಿಗೂ ಮಗುವಿನ ತಳ್ಳುಗಾಡಿಯವರಿಗೂ ಅನುಕೂಲವಾಗುವಂತೆ ಸಮಮಾಡಿದ "ಎಲ್ಲರಿಗಾಗಿ ಪೊಂಪೆಯಿ" ಎಂಬ ಮೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಆರಂಭವಾಗುವುದು ಇಲ್ಲಿಂದ. ಇದನ್ನು ಬಿಟ್ಟು ಪಕ್ಕದ ಬೀದಿಗಿಳಿದರೆ ರಸ್ತೆಯ ಕಲ್ಲುಗಳು ಕೋಳಿಮೊಟ್ಟೆಯ ಬೆನ್ನಿನಂತೆ ಉಬ್ಬಿವೆ, ನಡುನಡುವೆ ಗಾಡಿಚಕ್ರಗಳು ಕೊರೆದ ಆಳವಾದ ಜಾಡುಗಳು, ಕಾಲುದಾರಿಯೋ ಮೊಣಕಾಲೆತ್ತರ. ಆ ಕಾಲದವರು ಕೊಚ್ಚೆ ತುಳಿಯದೆ ರಸ್ತೆ ದಾಟಲೆಂದು ಇಟ್ಟ ದಿಂಡುಗಲ್ಲುಗಳು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ, ಒಂದರಿಂದ ಇನ್ನೊಂದಕ್ಕೆ ಹೆಜ್ಜೆ ಹಾಕುವುದು ಅತ್ತೆಯವರಿಂದ ಆಗದ ಮಾತು.

ಬಾಗಿಲು ದಾಟಿದ ಕೂಡಲೇ ಸಿಗುವುದು ಅಖಾಡ, ಆಂಫಿಥಿಯೇಟರ್. ಕ್ರಿ.ಪೂ. 70ರ ಸುಮಾರಿಗೆ ಕಟ್ಟಿದ್ದು, ಉಳಿದಿರುವ ಕಲ್ಲಿನ ಅಖಾಡಗಳಲ್ಲೆಲ್ಲ ಇದೇ ಅತ್ಯಂತ ಹಳೆಯದು. ಕ್ರಿ.ಶ. 59ರಲ್ಲಿ ಪೊಂಪೆಯಿಯವರಿಗೂ ನೆರೆಯ ನುಚೇರಿಯಾದವರಿಗೂ ಇಲ್ಲಿ ಹೊಡೆದಾಟವಾಗಿ ಜನ ಸತ್ತು, ಹತ್ತು ವರ್ಷ ಕಾಲ ಪಂದ್ಯಗಳನ್ನೇ ನಿಷೇಧಿಸಿದ್ದರೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಎದುರಿಗೇ ಪಾಲೆಸ್ತ್ರಾ ಗ್ರಾಂದೆ, ನಡುವೆ ಈಜುಕೊಳವಿದ್ದು ಮೂರು ಕಡೆ ಕಂಬಸಾಲಿನ ಮೊಗಸಾಲೆ ಇರುವ ವ್ಯಾಯಾಮದ ಬಯಲು. ಅತ್ತೆಯವರು ಕೂತು ದಣಿವಾರಿಸಿಕೊಳ್ಳಲು ಊರಿಡೀ ಹುಡುಕಿದರೂ ಇದಕ್ಕಿಂತ ಒಳ್ಳೆಯ ನೆರಳು ಸಿಗಲಾರದು. ಓಡಿಹೋಗುತ್ತಿದ್ದ ಹದಿಮೂರು ಜನರ ಅಚ್ಚುಗಳಿರುವ ತೋಟವೂ ಇದೇ ಮೂಲೆಯಲ್ಲಿದೆ. ದೇಹ ಕೊಳೆತು ಬೂದಿಯೊಳಗೆ ಉಳಿದ ಪೊಳ್ಳಿಗೆ ಗಾರೆ ಸುರಿದು ಅಚ್ಚು ತೆಗೆಯುವ ಉಪಾಯವನ್ನು 1863ರಲ್ಲಿ ಕಂಡುಕೊಂಡವರು ಪುರಾತತ್ತ್ವಜ್ಞ ಜುಸೆಪ್ಪೆ ಫಿಯೊರೆಲ್ಲಿ. ಒಂದು ಅಚ್ಚಿನಲ್ಲಿ ಮನುಷ್ಯನೊಬ್ಬ ಮೊಣಕೈ ಊರಿ ಅರ್ಧ ಏಳಲು ಹವಣಿಸುತ್ತಿರುವ ಭಂಗಿ ಹಾಗೆಯೇ ಇದೆ. ನಮ್ಮ ತಾಯಿ ಅದರ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಇಂಥದ್ದು ಬೇಡವೆನ್ನುವವರು ಇದ್ದರೆ ಮೊದಲೇ ತಿಳಿಸಿಡುವುದು ಒಳ್ಳೆಯದು.

ಇಲ್ಲಿಂದ ಮುಂದಕ್ಕೆ ಗುಂಪು ಎರಡಾಗಲಿ. ಅತ್ತೆ ಮತ್ತು ನಿಮ್ಮಲ್ಲೊಬ್ಬರು ಪಾಲೆಸ್ತ್ರಾದಲ್ಲಿ ಕೂತಿರಲಿ, ಮಾವ ಮತ್ತು ಇನ್ನೊಬ್ಬರು ಅಬ್ಬೊಂದಾಂಜಾ ಬೀದಿ ಹಿಡಿದು ಅಂಗಡಿ, ಮನೆ, ಸ್ತೆಫಾನಸ್‌ನ ಅಗಸರ ಕಟ್ಟೆ ನೋಡುತ್ತ ಊರಿನ ಮುಖ್ಯ ಚೌಕವಾದ ಫೋರಂವರೆಗೆ ಹೋಗಿ ಹಿಂತಿರುಗಲಿ. ಒಂದು ಕಡೆಗೆ ಕಿಲೋಮೀಟರಿನಷ್ಟು ದೂರ. ಒಮ್ಮೆ ಹೊರಗೆ ಬಂದರೆ ಅದೇ ಟಿಕೆಟ್ಟಿನಲ್ಲಿ ಮತ್ತೆ ಒಳಗೆ ಬಿಡುವುದಿಲ್ಲ, ಆದ್ದರಿಂದ ಭೇಟಿಯ ಜಾಗ ಒಳಗೇ ಇರಲಿ. ಊರುಗೋಲು, ರಬ್ಬರ್ ಅಟ್ಟೆಯ ಬೂಟು, ಟೋಪಿ ಮರೆಯಬೇಡಿ. ನೀರಿನ ಬಾಟಲಿ ಖಾಲಿಯಾದರೆ ಒಳಗಿನ ನಲ್ಲಿಗಳಲ್ಲಿ ಕುಡಿಯುವ ನೀರೇ ಬರುತ್ತದೆ.

ನಾಪೊಲಿವಾಸಿ

ಪೊಂಪೆಯಿ ಎಂದು ತೀರ್ಮಾನವಾದ ಮೇಲೆ ನನ್ನ ತಕರಾರಿಲ್ಲ, ಎರ್ಕೊಲಾನೊ ನನ್ನ ಪಕ್ಷಪಾತವಾಗಿಯೇ ಉಳಿಯಲಿ. ಹಾಗಾದರೆ ರೈಲನ್ನು ಪೂರ್ತಿ ಮರೆತು ಕಾರು ಮಾಡಿಕೊಳ್ಳಿ. ನಾಲ್ವರಿಗೆ ಹಂಚಿಕೆಯಾದಾಗ ಹಡಗಿನ ಪ್ರವಾಸಕ್ಕಿಂತ ಹೊರೆಯಾಗುವುದು ಅಪರೂಪ. ನೇಪಲ್ಸ್ ಟ್ಯಾಕ್ಸಿಗಳಿಗೆ ನಗರಸಭೆ ಗೊತ್ತುಪಡಿಸಿದ ನಿಗದಿತ ದರಗಳಿವೆ, ಆದರೆ ನಿಗದಿತ ದರದಲ್ಲೇ ಹೋಗಬೇಕೆಂದು ನೀವು ಗಾಡಿ ಹೊರಡುವ ಮೊದಲೇ ಹೇಳಬೇಕು, ಹೇಳದಿದ್ದರೆ ಮೀಟರ್ ಓಡುತ್ತದೆ. ಇದಕ್ಕಿಂತ ನೆಮ್ಮದಿ ಬೇಕಾದರೆ ಚಾಲಕಸಹಿತ ಬಾಡಿಗೆ ಕಾರನ್ನು ಊರಿನಿಂದಲೇ ಕಾಯ್ದಿರಿಸಿ, ಕಾಯುವ ಗಂಟೆಗಳನ್ನೂ ಸೇರಿಸಿ ದರವನ್ನು ಬರವಣಿಗೆಯಲ್ಲಿ ಪಡೆಯಿರಿ. ಪೂರ್ತಿ ಹಣವನ್ನು ಮುಂಗಡವಾಗಿ ಕೊಡಬೇಡಿ. ಬಿರುಗಾಳಿಯಿಂದಾಗಿ ಹಡಗು ಬಂದರನ್ನೇ ಬಿಟ್ಟು ಮುಂದೆ ಹೋಗುವ ದಿನಗಳೂ ಉಂಟು, ಆಗ ಹಣ ವಾಪಸು ಬರುತ್ತದೆಯೇ ಎಂದು ಕೇಳಿಕೊಂಡಿರಿ.

ದ್ವಾರ ತೆರೆಯುವುದು ಒಂಬತ್ತಕ್ಕೆ. ಎಂಟೂಕಾಲಕ್ಕೆ ಬಂದರಿನಿಂದ ಹೊರಟರೆ ಹೆದ್ದಾರಿಯಲ್ಲಿ ಅರ್ಧ ಗಂಟೆ, ದಟ್ಟಣೆ ಇದ್ದರೆ ಮುಕ್ಕಾಲು ಗಂಟೆ. ಹನ್ನೆರಡೂವರೆಗೆ ಹೊರಬಂದು ಒಂದೂವರೆಯೊಳಗೆ ನೇಪಲ್ಸ್ ಸೇರಿಬಿಡಿ. ಮಿಕ್ಕ ಹೊತ್ತನ್ನು ಹಡಗು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಕಳೆಯಬಹುದು: ಗಾಜಿನ ಚಾವಣಿಯ ಗಲ್ಲೇರಿಯಾ ಉಂಬೆರ್ತೊ, ಅದರ ಎದುರಿಗೆ 1737ರಲ್ಲಿ ಆರಂಭವಾದ ಸಾನ್ ಕಾರ್ಲೊ ರಂಗಮಂದಿರ, ನಾಲ್ಕು ಹೆಜ್ಜೆ ಮುಂದಕ್ಕೆ ಪ್ಲೆಬಿಶಿತೊ ಚೌಕ. ಎಲ್ಲವೂ ಬಂದರಿನಿಂದ ನಡಿಗೆಯ ದೂರ, ಬಹುಪಾಲು ಸಮತಟ್ಟು.

ಅಡುಗೆಮನೆ

ಅತ್ತೆಯವರ ಊಟದ ಬಗ್ಗೆ ನನ್ನ ಪಾಲಿನ ಮಾತು. ನೇಪಲ್ಸ್‌ನಲ್ಲಿ ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೆ ಕಣ್ಣಿಗೆ ಸಸ್ಯಾಹಾರವಾಗಿ ಕಂಡದ್ದೆಲ್ಲ ಸಸ್ಯಾಹಾರವಲ್ಲ. ಇಲ್ಲಿಯ ಸಾಂಪ್ರದಾಯಿಕ ಪಿಜ್ಜಾ ಹಿಟ್ಟಿಗೆ ಬೀಳುವುದು ಮೈದಾ, ನೀರು, ಉಪ್ಪು ಮತ್ತು ಹುದುಗು ಮಾತ್ರ. ಅದರಲ್ಲೂ ಮಾರಿನಾರಾ ಎಂಬುದಕ್ಕೆ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಆಲಿವ್ ಎಣ್ಣೆ ಬಿಟ್ಟರೆ ಬೇರೇನೂ ಇಲ್ಲ, ಚೀಸ್ ಕೂಡ ಇಲ್ಲ. ಹೆಸರು ಕೇಳಿ ಮೀನು ಇರಬಹುದೆಂದು ಅಂಜಬೇಡಿ. ಪಾರ್ಮೆಸಾನ್ ಚೀಸಿನ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಕಟ್ಟುನಿಟ್ಟಿನವರು ಅದನ್ನು ಉದುರಿಸಬೇಡಿ ಎಂದು ಹೇಳಬೇಕು.

ಮೋಸ ಹೋಗುವುದು ತಿಂಡಿಯಂಗಡಿಗಳಲ್ಲಿ. ಪದರ ಪದರವಾಗಿ ಚಿರೋಟಿಯ ಹಾಗೆ ಕಾಣುವ ಸ್ಫೊಲ್ಯಾತೆಲ್ಲಾ ಎಂಬ ಸಿಹಿಯ ಹಾಳೆಗಳ ನಡುವೆ ಸಾಂಪ್ರದಾಯಿಕವಾಗಿ ಸವರುವುದು ಹಂದಿಯ ಕೊಬ್ಬನ್ನು. ಬಾದಾಮಿ ಮೆಣಸು ಹಾಕಿದ, ನಮ್ಮ ಕೋಡುಬಳೆಯ ಆಕಾರದ ತರಾಲ್ಲಿಯಲ್ಲೂ ಅದೇ ಕೊಬ್ಬು. ಅಂಗಡಿಯಲ್ಲಿ "ಸ್ತ್ರುತ್ತೊ" ಅಥವಾ "ಸುನ್ಯಾ" ಇದೆಯೇ ಎಂದು ಕೇಳಿದರೆ ಪ್ರಾಮಾಣಿಕವಾಗಿ ಹೇಳುತ್ತಾರೆ. ಕೂತು ಉಂಡರೆ ಬಿಲ್ಲಿನಲ್ಲಿ ತಲೆಗೆ ಇಷ್ಟೆಂದು "ಕೊಪೆರ್ತೊ" ಸೇರಿರುತ್ತದೆ, ಅದು ವಂಚನೆಯಲ್ಲ, ಇಲ್ಲಿಯ ಪದ್ಧತಿ. ಹಡಗಿನ ಬಫೆಯಿಂದ ತಿಂಡಿ ಕಟ್ಟಿಕೊಂಡು ಇಳಿಯಬೇಡಿ, ಹೊರಗೆ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಊರಿನಿಂದ ತಂದ ಮೊಹರು ಒಡೆಯದ ಚಕ್ಕುಲಿ ಪೊಟ್ಟಣಕ್ಕೆ ತೊಂದರೆಯಿಲ್ಲ.

ಹಡಗುಪ್ರಿಯ

ವೀಸಾ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಇಟಲಿ, ಮಾಲ್ಟಾ ಎರಡೂ ಒಂದೇ ವೀಸಾದಲ್ಲಿ ಸುತ್ತಬಹುದಾದ ಯೂರೋಪಿನ ಶೆಂಗೆನ್ ವಲಯದಲ್ಲಿವೆ, ಆದರೂ ಬಹುಪ್ರವೇಶದ ವೀಸಾಕ್ಕೇ ಅರ್ಜಿ ಹಾಕಿ. ಹಡಗಿನ ಮಾರ್ಗ ಟರ್ಕಿಯನ್ನೋ ಟ್ಯುನೀಶಿಯಾವನ್ನೋ ಮುಟ್ಟಿ ಬರುವುದಾದರೆ ಏಕಪ್ರವೇಶದ ವೀಸಾ ಇರುವವರಿಗೆ ಮರಳಿ ಶೆಂಗೆನ್ ಒಳಗೆ ಬರಲು ಆಗುವುದಿಲ್ಲ. ಇಂಥ ತೊಡಕಿನಿಂದಾಗಿಯೇ ಕೆಲವು ಕಂಪನಿಗಳು ಹತ್ತುವಾಗ ಬಹುಪ್ರವೇಶವನ್ನೇ ಕೇಳುತ್ತವೆ. ಇನ್ನು ಮೊಬೈಲ್: ಹಡಗು ಕಡಲಿನಲ್ಲಿರುವಾಗ ಫೋನು ತಾನಾಗಿಯೇ ಹಡಗಿನ ಉಪಗ್ರಹ ಜಾಲಕ್ಕೆ ಅಂಟಿಕೊಳ್ಳುತ್ತದೆ, ಅದರ ದರ ಕಣ್ಣು ಕತ್ತಲೆ ಬರಿಸುವಂಥದ್ದು. ನೆಲಕ್ಕೆ ಕಾಲಿಡುವವರೆಗೂ ಏರೋಪ್ಲೇನ್ ಮೋಡ್‌ನಲ್ಲಿರಲಿ.

ಕಾವೇರಿತೀರ

ಎಲ್ಲರಿಗೂ ಅನಂತ ಧನ್ಯವಾದಗಳು. ಕಾರು, ಅನ್ಫಿತೆಯಾತ್ರೊ ದ್ವಾರ, ಮಧ್ಯಾಹ್ನ ಗಲ್ಲೇರಿಯಾ, ಮಾರಿನಾರಾ ಪಿಜ್ಜಾ ಎಂದು ಬರೆದುಕೊಂಡು ಯಜಮಾನರ ಮುಂದೆ ಇಟ್ಟೆ. ಕಾಪ್ರಿಯನ್ನು ಹಡಗಿನ ಮೇಲಿಂದಲೇ ನೋಡುವುದಾಗಿ ಒಪ್ಪಿದ್ದಾರೆ. ಕಡೆಯದಾಗಿ ಒಂದು ಪ್ರಶ್ನೆ. ಟಿಕೆಟ್ಟನ್ನು ಅಲ್ಲಿಯೇ ಹೋಗಿ ಕೊಳ್ಳಬಹುದೇ? ಮಾವನ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಇದೆ, ಆನ್‌ಲೈನ್ ಅರ್ಜಿಗಳಲ್ಲಿ ಇದರಿಂದ ಯಾವಾಗಲೂ ಗೋಳು.

ನಾಪೊಲಿವಾಸಿ

ಆನ್‌ಲೈನ್‌ನಲ್ಲೇ ಕೊಳ್ಳಿ. 2024ರ ನವೆಂಬರ್‌ನಿಂದ ಪೊಂಪೆಯಿಗೆ ದಿನಕ್ಕೆ 20,000 ಜನರ ಮಿತಿ ಹಾಕಿದ್ದಾರೆ, ಟಿಕೆಟ್ಟಿನ ಮೇಲೆ ಪ್ರತಿಯೊಬ್ಬರ ಹೆಸರೂ ಇರಬೇಕು. ಆ ಹಳೆಯ ಅಖಾಡದಲ್ಲಿ ಕೂರುತ್ತಿದ್ದವರ ಸಂಖ್ಯೆಯೂ ಹತ್ತಿರಹತ್ತಿರ ಅಷ್ಟೇ ಎಂಬುದನ್ನು ಮೇಷ್ಟ್ರಿಗೆ ತಿಳಿಸಿ. ಅಧಿಕೃತ ಮಾರಾಟದ ತಾಣವನ್ನು ಪುರಾತತ್ತ್ವ ಉದ್ಯಾನದ ಸ್ವಂತ ಜಾಲತಾಣದ ಮೂಲಕವೇ ತಲುಪಿ. ರೈಲು ನಿಲ್ದಾಣದ ಆಸುಪಾಸಿನಲ್ಲಿ "ಮಾಹಿತಿ ಕೇಂದ್ರ" ಎಂಬ ಹಲಗೆ ಹಾಕಿಕೊಂಡು ಪ್ರವಾಸ ಮಾರುವವರು ಬೇರೆ ಜನ. ಉಪನಾಮ ಖಾಲಿ ಇದ್ದರೆ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಎರಡೂ ಮನೆಗಳಲ್ಲಿ ತುಂಬಿ, ದ್ವಾರದಲ್ಲಿ ಪಾಸ್‌ಪೋರ್ಟಿನ ಪ್ರತಿ ತೋರಿಸಿ.

ಶಾಸನಪ್ರೇಮಿ

ಮೇಷ್ಟ್ರ ಚೀಲಕ್ಕೂ ಅಳತೆ ಇದೆ: 30×30×15 ಸೆಂಟಿಮೀಟರಿಗಿಂತ ದೊಡ್ಡದಾದರೆ ಒಳಗೆ ಬಿಡುವುದಿಲ್ಲ. ಅಂದ ಹಾಗೆ, ಜ್ವಾಲಾಮುಖಿ ಸಿಡಿದದ್ದು ಆಗಸ್ಟ್ 24ರಂದು ಎಂದು ಅವರು ಪಾಠ ಮಾಡಿರಬಹುದು, ಸ್ಫೋಟವನ್ನು ಕಣ್ಣಾರೆ ಕಂಡು ಬರೆದ ಕಿರಿಯ ಪ್ಲಿನಿಯ ಪತ್ರಗಳ ಪ್ರತಿಗಳಲ್ಲಿ ಇರುವುದೂ ಅದೇ. 2018ರಲ್ಲಿ ಗೋಡೆಯೊಂದರ ಮೇಲೆ ಇದ್ದಿಲಿನಲ್ಲಿ ಗೀಚಿದ, ಅಕ್ಟೋಬರ್ 17ಕ್ಕೆ ಸರಿಹೊಂದುವ ತಾರೀಕೊಂದು ಸಿಕ್ಕಿದ ಮೇಲೆ ಅಕ್ಟೋಬರ್ ಕೊನೆಯ ವಾರವೆಂಬ ವಾದಕ್ಕೆ ಬಲ ಬಂದಿದೆ.

ಕಾವೇರಿತೀರ

ಓದಿ ಹೇಳಿದೆ. "ಇದ್ದಿಲಿನ ಬರಹ ಹಿಂದಿನ ವರ್ಷದ್ದೂ ಇರಬಹುದಲ್ಲ, ಅವರನ್ನೇ ಕೇಳು" ಎನ್ನುತ್ತಿದ್ದಾರೆ. ಶಾಸನಪ್ರೇಮಿಗಳು ದಯವಿಟ್ಟು ಉತ್ತರಿಸಿ, ಅಷ್ಟರಲ್ಲಿ ನಾನು ಟಿಕೆಟ್ ಕಾಯ್ದಿರಿಸುತ್ತೇನೆ.